ಕೋಟಿಹಾಳದ ವಾಡೆಯ ದೊಡ್ಡ ಬಾಗಿಲು

ಜನವರಿ 6, 2025, ಸೋಮವಾರ

ಇಪ್ಪತ್ತೆರಡು ವರ್ಷ ಕಪ್ಪತಗುಡ್ಡದಲ್ಲಿ ಗಸ್ತು ತಿರುಗಿದ ಫಾರೆಸ್ಟ್ ಗಾರ್ಡ್ ನೀಲಗಂಗವ್ವ ಇವತ್ತಿನಿಂದ ಒಂದು ಪಾಳು ವಾಡೆಯ ಕಾವಲುಗಾರ್ತಿ. ಹೀಗೆ ಬರೆದರೆ ಸಿಟ್ಟು ಸ್ವಲ್ಪ ಇಳಿದೀತು ಎಂದುಕೊಂಡಿದ್ದೆ. ಇಳಿಯಲಿಲ್ಲ.

ಎಲ್ಲಕ್ಕೂ ಈ ಎಡ ಮೊಣಕಾಲು ಕಾರಣ. ದೀಪಾವಳಿಗೆ ಮುಂಚೆ ಗುಡ್ಡದಲ್ಲಿ ಜಾರಿ ಬಿದ್ದದ್ದು, ಇನ್ನೂ ನೆಟ್ಟಗೆ ಮಡಚುವುದಿಲ್ಲ. ಮಾರ್ಚ್ ಹತ್ತೊಂಬತ್ತಕ್ಕೆ ಗದಗಿನಲ್ಲಿ ಮೆಡಿಕಲ್ ಬೋರ್ಡು. ಅವರು ಲಾಯಕ್ಕು ಎಂದರೆ ನನ್ನ ಗುಡ್ಡ ನನಗೆ. ಅಲ್ಲಿಯವರೆಗೆ ಹಗುರ ಕೆಲಸವೆಂದು ಈ ಕೋಟಿಹಾಳ.

ಊರು ಗುಡ್ಡದ ಬುಡದಲ್ಲೇ ಇದೆ, ಶಿರಹಟ್ಟಿಯಿಂದ ದಿನಕ್ಕೆ ಎರಡು ಬಸ್ಸು. ವಾಡೆ ಹಳೆಯ ದೇಸಾಯರದು. ಸುತ್ತ ಕೋಟೆಗೋಡೆ, ಮೂಲೆಗೊಂದು ಹುಡೇವು ಎನ್ನುವ ಕಾವಲು ಬುರುಜು, ಒಳಗೆ ಆಳೆತ್ತರ ಜಾಲಿ. ದೇಸಾಯರು ಧಾರವಾಡ ಸೇರಿ ನಲವತ್ತು ವರ್ಷವಾಯಿತು, ಹೋದ ವರ್ಷ ವಾಡೆಯನ್ನು ಪಂಚಾಯ್ತಿಗೆ ಬಿಟ್ಟುಕೊಟ್ಟರು. ನಮ್ಮ ವಲಯದ ಅರಣ್ಯಾಧಿಕಾರಿ, ಆರ್‌ಎಫ್‌ಓ ಸಾಹೇಬರು ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು. ಅಂಗಳದಲ್ಲಿ ನಿಂತು ಕೈ ಬೀಸಿ ಬೀಸಿ ತೋರಿಸಿದರು: ಕುದುರೆ ಲಾಯದಲ್ಲಿ ಅರಣ್ಯ ಪ್ರದರ್ಶನ, ಅಂಗಳದಲ್ಲಿ ಊರವರದೇ ಸಸಿಮಡಿ, ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಮುತ್ತಲ ಎಲೆಯ ಪತ್ರಾಳಿ ಹಚ್ಚಬೇಕು, ಗುಡ್ಡದ ಗಿಡಮೂಲಿಕೆ ಬಲ್ಲವರು ಮಕ್ಕಳಿಗೆ ಹೇಳಿಕೊಡಬೇಕು. ಮಾರ್ಚ್ 21, ಅರಣ್ಯ ದಿನಕ್ಕೆ ಉದ್ಘಾಟನೆ.

"ಊರಿನ ಮಂದಿ ತಮ್ಮದು ಅಂತ ಬಂದ್ರ ವಾಡೆ ಉಳೀತೈತಿ, ನೀಲಗಂಗವ್ವ. ಬರಲಿಲ್ಲಂದ್ರ ಪ್ರದರ್ಶನ ಗದಗಿಗೆ ಒಯ್ಯೂದು. ಪಂಚಾಯ್ತಿಯವರು ಇದನ್ನ ಗೋದಾಮು ಮಾಡ್ತಾರ" ಎಂದರು.

ಗೋದಾಮು ಆಗಲಿ. ಯಾರೂ ಬರದಿರಲಿ. ನಾನು ಗುಡ್ಡಕ್ಕೆ ಹೋಗುತ್ತೇನೆ.

ಜನವರಿ 9, ಗುರುವಾರ

ಈ ವಾಡೆಗೆ ಎರಡು ಆಳೆತ್ತರದ ತೇಗದ ಬಾಗಿಲಿದೆ, ಮೈತುಂಬ ಕಬ್ಬಿಣದ ಮೊಳೆ. ಅದು ತೆರೆಯುವುದಿಲ್ಲ. ಬಲಗಡೆಯ ಕದದೊಳಗೆ ಒಂದು ಕಿಂಡಿಯಂಥ ದಿಡ್ಡಿ ಬಾಗಿಲಿದೆ, ಎಲ್ಲರೂ ಅದರಲ್ಲೇ ನುಸುಳಬೇಕು. ಮೊಣಕಾಲೆತ್ತರದ ಹೊಸ್ತಿಲು ದಾಟಿ, ಸೊಂಟ ಬಗ್ಗಿಸಿ, ತಲೆ ತಗ್ಗಿಸಿ. ನನ್ನ ಕಾಲು ಮಡಚುವುದಿಲ್ಲವಾದ್ದರಿಂದ ಮೊದಲು ಕಾಲು ಒಳಗಿಟ್ಟು, ಆಮೇಲೆ ಉಳಿದ ನೀಲಗಂಗವ್ವನನ್ನು ಒಳಗೆಳೆದುಕೊಳ್ಳುತ್ತೇನೆ. ದಿನಕ್ಕೆ ಎಂಟು ಸಲ. ಇದನ್ನು ಕಟ್ಟಿಸಿದವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹುಡೇವಿನ ಮೇಲಿಂದ ನನ್ನ ಬೀಟು, ನಾನು ಗಸ್ತು ತಿರುಗುತ್ತಿದ್ದ ಕಾಡು, ಕಾಣುತ್ತದಂತೆ. ನಲವತ್ತೊಂದು ಮೆಟ್ಟಿಲು. ಆರನೇ ಮೆಟ್ಟಿಲಿಗೇ ಕೂತೆ.

ಜನವರಿ 15, ಬುಧವಾರ

ಲಕ್ಷ್ಮೇಶ್ವರದಿಂದ ಬಡಿಗರು ಬಂದರು. ಕರೀಮಸಾಬ, ಎಪ್ಪತ್ತೊಂದು ವರ್ಷ, ಜೊತೆಗೆ ಮಗಳು ತಬಸ್ಸುಮ. ಅವಳು ಅಳತೆ ಹಿಡಿಯುತ್ತಾಳೆ, ಬರೆದುಕೊಳ್ಳುತ್ತಾಳೆ, ಗರಗಸದ ಇನ್ನೊಂದು ತುದಿ ಎಳೆಯುತ್ತಾಳೆ. ಮುದುಕ ಬಂದವನೇ ಲಾಯದ ಸೂರಿನ ತೊಲೆಗಳನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದ. "ಇದು ಗಟ್ಟಿ. ಇದೂ ಗಟ್ಟಿ. ಇದು ಹೊಟ್ಟ್ಯಾಗ ಸತ್ತೈತಿ" ಎಂದ. ಸತ್ತದ್ದು ಎಂದದ್ದು ಹೊರಗೆ ನೋಡಲು ಎಲ್ಲಕ್ಕಿಂತ ಚೆಂದ ಇತ್ತು. ಕೊರೆದು ನೋಡಿದರೆ ಒಳಗೆ ಬರೀ ಹುಡಿ.

ಇರಲಿ, ಒಂದು ಸಲ ಯಾರ ಊಹೆಯೂ ತಾಗುತ್ತದೆ.

ಜನವರಿ 28, ಮಂಗಳವಾರ

ಪ್ರದರ್ಶನಕ್ಕೆಂದು ಕಚೇರಿಯಿಂದ ಇಪ್ಪತ್ತನಾಲ್ಕು ಜಾತಿಯ ಮರದ ತುಂಡು ಬಂದವು. ಚೀಟಿಯೆಲ್ಲ ದಾರಿಯಲ್ಲೇ ಉದುರಿ ಚೀಲದ ತಳದಲ್ಲಿದ್ದವು. ಗಾರ್ಡ್ ಆದ ನನಗೇ ತೊಗಟೆ ಸುಲಿದ ಮೇಲೆ ಹದಿನೈದಕ್ಕಿಂತ ಹೆಚ್ಚು ಗುರುತು ಸಿಗಲಿಲ್ಲ.

ಕರೀಮಸಾಬರು ಒಂದೊಂದನ್ನೂ ಎತ್ತಿ ತೂಗಿದರು, ಉಗುರಿನಿಂದ ಗೀರಿದರು, ಮೂಸಿದರು. ಒಂದನ್ನಂತೂ ನಾಲಿಗೆಗೆ ಮುಟ್ಟಿಸಿದರು. ಹೊನ್ನಿ, ಮತ್ತಿ, ತುಗ್ಗಲಿ, ಬಿಲ್ವಾರ. ತಬಸ್ಸುಮ ಬರೆಯುತ್ತ ಹೋದಳು. ಕಚೇರಿಯಿಂದ ಫೋನಿಗೆ ತರಿಸಿಕೊಂಡ ಪಟ್ಟಿಯ ಜೊತೆ, ತುಂಡಿನ ಮೇಲಿನ ನಂಬರು ಹಿಡಿದು ತಾಳೆ ಹಾಕಿದರೆ ಇಪ್ಪತ್ತಮೂರು ಸರಿ, ಒಂದು ತಪ್ಪು. ನನಗೆ ಒಳಗೊಳಗೇ ಖುಷಿ. "ಇದು ಪಟ್ಟ್ಯಾಗ ತೇಗ ಅಂತೈತ್ರಿ" ಎಂದೆ.

"ಪಟ್ಟಿ ಬರದಾವ ಮೂಸಿ ನೋಡ್ಯಾನೇನು? ಇದು ಶಿವನಿ" ಎಂದರು.

ಸಾಹೇಬರಿಗೆ ಫೋನು ಹಚ್ಚಿದೆ. ಸಂಜೆ ಅವರೇ ತಿರುಗಿ ಫೋನು ಮಾಡಿ ಪಟ್ಟಿ ತಪ್ಪಾಗಿದೆ, ಅದು ಶಿವನಿಯೇ ಎಂದರು. ಇಪ್ಪತ್ತೆರಡು ವರ್ಷ ಕಾಡಿನಲ್ಲಿದ್ದು ನಾನು ಮರವನ್ನು ನೋಡಿದ್ದು ಕಣ್ಣಿನಿಂದ ಮಾತ್ರ. ಈ ಮನುಷ್ಯನ ಕೈ ದೊಡ್ಡದು. ಒಪ್ಪಿಕೊಂಡೆ.

ಫೆಬ್ರವರಿ 5, ಬುಧವಾರ

ಇವತ್ತು ನನ್ನ ದಿಂಡಿಗ ಬಂತು. ನನ್ನ ಬೀಟಿನ ಮರ, ಹೋದ ಮಳೆಗಾಲದಲ್ಲಿ ಗಾಳಿಗೆ ಬಿದ್ದದ್ದು. ಅದರ ನೆರಳಲ್ಲಿ ಕೂತು ಅದೆಷ್ಟು ವರ್ಷ ಬುತ್ತಿ ಬಿಚ್ಚಿದ್ದೇನೆ. ಸಾಹೇಬರಿಗೆ ಹೇಳಿ, ಬುಡದ ತುಂಡನ್ನು ಪ್ರದರ್ಶನಕ್ಕೆ ತರಿಸಿಕೊಂಡೆ. ಅವರಿಗೂ ಮನಸ್ಸಿಗೆ ಬಂತು. "ಪಾಲಿಶ್ ಮಾಡಿಸಿ ಲಾಯದ ನಟ್ಟನಡುವ ಇಡ್ರಿ, ಇದ ನಮ್ಮ ಮುಖ್ಯ ವಸ್ತು" ಎಂದು ದಾಖಲೆಯಲ್ಲಿ ಒಂದನೇ ನಂಬರು ಹಾಕಿಸಿದರು.

ಪಂಚಾಯ್ತಿ ಮೆಂಬರ್ ಮಲ್ಲು ತನ್ನ ಟ್ರ್ಯಾಕ್ಟರಿನಲ್ಲಿ ತಂದ. ದಿಡ್ಡಿಯಲ್ಲಿ ತೂರಿಸಲು ಐದು ಜನ ಒಂದು ತಾಸು ಒದ್ದಾಡಿದರು. ಕರೀಮಸಾಬರು ತುಂಡಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಕೂತಿದ್ದರು.

"ಗಾಡಿ ಅಚ್ಚಿಗೆ ಹಾಕತಿದ್ವಿ ಇದನ್ನ. ಭಾರ ಹೊರೂದು ಇದರ ಕಸಬು. ಇದಕ್ಕ ಪಾಲಿಶ್ ಹಚ್ಚಿ ಕುಂಡ್ರಸ್ತೀಯೇನವ್ವಾ?"

"ಇಷ್ಟು ವರ್ಷ ನಿಂತೈತಿ, ಈಗರ ಕುಂಡ್ರಲಿ ಬಿಡ್ರಿ" ಎಂದೆ. ನನ್ನ ಮರದ ಬಗ್ಗೆ ಇನ್ನೊಬ್ಬರ ಸಲಹೆ ನನಗೆ ಬೇಡ.

ಫೆಬ್ರವರಿ 17, ಸೋಮವಾರ

ಮೈ ಉರಿಯುತ್ತಿದೆ.

ಇವತ್ತು ಊರಿನ ಹೆಣ್ಣುಮಕ್ಕಳನ್ನು ಕರೆದ ದಿನ. ಹನ್ನೆರಡು ಜನ ಬರಬೇಕಿತ್ತು, ಬೀಜ, ಬೇರು, ಸೊಪ್ಪು ತೆಗೆದುಕೊಂಡು. ಅವರಿಗೆಲ್ಲ ಹಿರಿಯಳು ಕರಿಯವ್ವ, ಗುಡ್ಡದ ಗಿಡಮೂಲಿಕೆ ಅವಳಷ್ಟು ಬಲ್ಲವರು ಮುಂಡರಗಿಯವರೆಗೂ ಇಲ್ಲ. ಅವಳು ಒಪ್ಪಿದ್ದಕ್ಕೇ ಉಳಿದವರು ಒಪ್ಪಿದ್ದು. ಎಷ್ಟೋ ಸಲ ಗುಡ್ಡದಲ್ಲಿ ಎದುರಾಗಿ ನಾನೇ ಅವಳನ್ನು ಗದರಿಸಿದ್ದೇನೆ, ಅವಳೂ ಬಿಟ್ಟಿಲ್ಲ. ನಮ್ಮದು ಹಳೆಯ ಪರಿಚಯ.

ದಿಡ್ಡಿ ತೊಳೆಸಿ, ರಂಗೋಲಿ ಹಾಕಿಸಿ, ಮಾವಿನ ತೋರಣ ಕಟ್ಟಿಸಿ ಕಾಯುತ್ತಿದ್ದೆ. ಹತ್ತು ಗಂಟೆಗೆ ಕರಿಯವ್ವ ತಲೆಯ ಮೇಲೆ ದೊಡ್ಡ ಹೊರೆ ಹೊತ್ತು ಬಂದಳು, ಹಿಂದೆ ಹನ್ನೊಂದು ಜನ. ಬಾಗಿಲ ಮುಂದೆ ನಿಂತಳು. ದಿಡ್ಡಿ ನೋಡಿದಳು, ತೋರಣ ನೋಡಿದಳು, ನನ್ನನ್ನು ನೋಡಿದಳು. "ಬರ್ರಿ, ಹೊರಿ ಇಳಿಸಿ ಬಗ್ಗಿ ಬರ್ರಿ, ತಲಿ ಬಡದೀತು" ಎಂದೆ. ತಿರುಗಿ ಹೊರಟೇಬಿಟ್ಟಳು. ಹನ್ನೊಂದು ಜನವೂ ಹಿಂದೆಯೇ ಹೋದರು.

ಇಷ್ಟು ಸೊಕ್ಕು ಯಾಕೆ? ನಾನು ಕುಂಟುಗಾಲಲ್ಲಿ ದಿನಕ್ಕೆ ಎಂಟು ಸಲ ಬಗ್ಗುತ್ತೇನೆ.

ಫೆಬ್ರವರಿ 18, ಮಂಗಳವಾರ

ಯಾರೂ ಬರಲಿಲ್ಲ. ನನಗೆ ಬೇಕಾದದ್ದೂ ಇದೇ ಅಲ್ಲವೇ. ಊಟ ಸೇರಲಿಲ್ಲ.

ಫೆಬ್ರವರಿ 23, ರವಿವಾರ

ಕರಿಯವ್ವನ ಮನೆಗೆ ಹೋದೆ. ಜಗಳಕ್ಕೆಂದೇ ಹೋದದ್ದು. ಅವಳು ನನ್ನ ನಡಿಗೆ ನೋಡಿ, "ಮೊದಲ ಕುಂಡ್ರು, ಕಾಲು ಚಾಚು" ಎಂದಳು. ಮಂಗರವಳ್ಳಿ ಜಜ್ಜಿ, ಬಿಸಿ ಮಾಡಿ ಮೊಣಕಾಲಿಗೆ ಕಟ್ಟಿದಳು. ಕಟ್ಟುತ್ತಲೇ ಹೇಳಿದಳು. ಅವಳ ಮಾತು ಮರೆಯಬಾರದೆಂದು ಇದ್ದ ಹಾಗೆ ಬರೆಯುತ್ತಿದ್ದೇನೆ.

"ನಮ್ಮವ್ವ ಗುಡ್ಡದಿಂದ ದಿನಾ ವಾಡೇಕ್ಕ ಕಟಗಿ ಹಾಕತಿದ್ಲು. ದೊಡ್ಡ ಬಾಗಲಾ ದೇಸಾಯರ ಗಾಡಿಗೆ, ಕುದರಿಗೆ. ಮಂದಿಗೆಲ್ಲ ದಿಡ್ಡಿ. ಒಕ್ಕಲಿಗರಿಗೂ ಅದ, ಬಡಿಗೇರಿಗೂ ಅದ, ನಮಗೂ ಅದ. ಹೊರಿ ಹೊತ್ತು ದಿಡ್ಡ್ಯಾಗ ಹಾಯಾಕ ಬರಂಗಿಲ್ಲ. ಹೊರಗ ಇಳಸಬೇಕು, ಬಿಚ್ಚಬೇಕು, ನಾಕು ನಾಕು ಕಟಗಿ ಹಿಡಕೊಂಡು ಬಗ್ಗಿ ಬಗ್ಗಿ ಒಳಗ ಇಡಬೇಕು. ದೇಸಾಯರು ಕುಂಡ್ರೂ ಕಟ್ಟಿ ಎಲ್ಲಿ ಐತಿ, ನೋಡಿಯೇನು?"

ದಿನಾ ನೋಡುತ್ತೇನೆ. ದಿಡ್ಡಿಗೆ ನೇರ ಎದುರಿಗಿದೆ. ಮಧ್ಯಾಹ್ನ ನಾನು ಬುತ್ತಿ ಬಿಚ್ಚುವುದೇ ಅದರ ಮೇಲೆ.

"ಬಗ್ಗಿದವ್ರೆಲ್ಲ ಅವರ ಮುಂದ ಬಗ್ಗಿದಂಗ. ಒಂದಿನ ನಮ್ಮವ್ವ ಏಳು ತಿಂಗಳ ಬಸರಿ. ಬಗ್ಗಾಕ ಆಗವಲ್ದು, ದೊಡ್ಡ ಬಾಗಲಾ ಒಂದೀಟ ತಗೀರೆಪಾ ಅಂದ್ಲು. ಮ್ಯಾಲ ಕುಂತಾವ್ರು ನಕ್ಕರಂತ. ತಗೀಲಿಲ್ಲ. ಮಂಡಿ ಊರಿ ಹೋದ್ಲು. ಆ ಬಸರಾಗ ಇದ್ದಾಕಿ ನಾನ. ನನಗ ತಿಳುವಳಿಕಿ ಬಂದ ಮ್ಯಾಲ ಹೇಳಿದ್ಲು, ಆ ದಿಡ್ಡ್ಯಾಗ ನೀ ಹಾಯಬ್ಯಾಡ ಅಂತ. ನಾ ಹಾದಿಲ್ಲ. ಅರವತ್ತೆಂಟು ವರ್ಷಾತು."

ನಾನು ಅದೇ ದಿಡ್ಡಿಗೆ ತೋರಣ ಕಟ್ಟಿ, ಬಗ್ಗಿ ಬಾ ಎಂದು ಕರೆದಿದ್ದೆ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

"ದೊಡ್ಡ ಬಾಗಲಾ ತಗದ್ರ ಬರ್ತೀಯೇನು?" ಎಂದೆ.

"ಹೊರಿ ಹೊತ್ತು ಬರ್ತೀನಿ. ತಗೀರಿ ನೋಡೂಣು" ಎಂದಳು.

ಫೆಬ್ರವರಿ 24, ಸೋಮವಾರ

ಕರೀಮಸಾಬರಿಗೆ ಎಲ್ಲ ಹೇಳಿದೆ. ಅವರು ಉಳಿ ಕೆಳಗಿಟ್ಟು ಕೇಳಿದರು. "ನಮ್ಮ ಅಬ್ಬಾನೂ ಹೆಗಲ ಮ್ಯಾಲಿನ ಹತ್ಯಾರದ ಪೆಟಗಿ ಇಳಿಸಿ ಬಗ್ತಿದ್ರು. ಅವರು ಹೇಳಿದ್ದಿಲ್ಲ. ನನಗ ಗೊತ್ತಿತ್ತು" ಎಂದು ಎದ್ದು ಬಾಗಿಲ ಬುಡಕ್ಕೆ ಹೋದರು. ನಾನೂ ತಬಸ್ಸುಮಳೂ ಸೇರಿ ಮಣ್ಣು ತೋಡಿದೆವು.

ಈ ಬಾಗಿಲಿಗೆ ಬಿಜಾಗರಿ ಇಲ್ಲ. ಪ್ರತಿ ಕದದ ಅಂಚಿಗೆ ಮೇಲೊಂದು ಕೆಳಗೊಂದು ಗೂಟ. ಕೆಳಗಿನದು ಕಲ್ಲಿನ ಕುಣಿಯಲ್ಲಿ ಕೂತು ತಿರುಗಬೇಕು. ಎಡಗಡೆಯದು ಮಣ್ಣು ತೆಗೆದ ಮೇಲೆ ಅಲುಗಿತು. ಬಲಗಡೆಯ ಗೂಟ ಕೊಳೆತು ಹೋಗಿ, ಇಡೀ ಕದ ನೆಲಕ್ಕೆ ಕೂತಿದೆ.

"ಹೊಸಾ ಗೂಟ ಹಾಕಬೇಕು. ತೇಗ ತಾಳಂಗಿಲ್ಲ, ಬೇವು ತಾಳಂಗಿಲ್ಲ. ಇಷ್ಟು ಭಾರ ಹೊತ್ತು ತಿರುಗೂ ಕಟಗಿ ಒಂದ" ಎಂದರು. ಹೆಸರು ಹೇಳಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಲಾಯದ ಕಡೆ ನೋಡಿದವಳು ನಾನೇ. ನನ್ನ ದಿಂಡಿಗಕ್ಕೆ ಪಾಲಿಶ್ ಹಚ್ಚಿ ಎಂಟು ದಿನ ಆಗಿತ್ತು, ಹೊಳೆಯುತ್ತಿತ್ತು.

ಮಾರ್ಚ್ 3, ಸೋಮವಾರ

ವಾರ ತೆಗೆದುಕೊಂಡೆ. ಸುಳ್ಳು ಯಾಕೆ, ಗೂಟಕ್ಕೆ ಬೇರೆ ಕಟ್ಟಿಗೆ ಸಿಕ್ಕೀತೇನೋ ಎಂದು ಶಿಗ್ಲಿ, ಲಕ್ಷ್ಮೇಶ್ವರದ ಅಡ್ಡೆಗಳಿಗೆಲ್ಲ ಫೋನು ಹಚ್ಚಿದೆ. ಸಿಗಲಿಲ್ಲ. ಸಾಹೇಬರಿಗೆ ಪತ್ರ ಬರೆದೆ: ಒಂದನೇ ನಂಬರಿನ ವಸ್ತುವನ್ನು ಬಾಗಿಲಿನ ದುರಸ್ತಿಗೆ ಬಳಸುತ್ತಿದ್ದೇನೆ, ಜವಾಬ್ದಾರಿ ನನ್ನದು. ಉತ್ತರ ಬಂದಿಲ್ಲ. ಬರುವವರೆಗೆ ಕಾಯಲಿಲ್ಲ.

ಇವತ್ತು ಕೊಯ್ದರು. ಗರಗಸದ ಒಂದು ತುದಿ ಕರೀಮಸಾಬರು, ಇನ್ನೊಂದು ತುದಿ ತಬಸ್ಸುಮ. ರಮಜಾನಿನ ಎರಡನೇ ರೋಜಾ, ಇಬ್ಬರೂ ಉಪವಾಸ. ಮಧ್ಯಾಹ್ನಕ್ಕೆ ತಬಸ್ಸುಮಳ ಕೈ ಬೊಬ್ಬೆ ಎದ್ದಿತು. ಅವಳನ್ನು ಸರಿಸಿ ನಾನು ಹಿಡಿದೆ. ನನ್ನ ಮರವನ್ನು ನಾನೇ ಕೊಯ್ದೆ. ಹುಡಿ ಮೂಗಿಗೆ ಬಡಿದಾಗ ಅದರ ವಾಸನೆ ಏನೆಂದು ಮೊದಲ ಸಲ ಗೊತ್ತಾಯಿತು, ತೊಯ್ದ ಗೋಧಿಯ ಹಾಗೆ ಇದೆ. ಕಣ್ಣು ತುಂಬಿ ಬಂತು. ಹುಡಿ ಬಿತ್ತು ಎಂದೆ. ಕರೀಮಚಾಚಾ ತಲೆ ಅಲ್ಲಾಡಿಸಿದರು.

ಮಾರ್ಚ್ 13, ಗುರುವಾರ

ನಾಳೆ ಹೋಳಿ ಹುಣ್ಣಿಮೆ. ಕಾಮಣ್ಣನ ಬೆಂಕಿಗೆ ಊರಿನ ಹುಡುಗರು ಎಲ್ಲಿಯ ಕಟ್ಟಿಗೆ ಕಂಡರೂ ಎತ್ತುತ್ತಾರೆ, ಕೇಳಿದರೆ ಪದ್ಧತಿ ಅನ್ನುತ್ತಾರೆ. ಇಪ್ಪತ್ತನಾಲ್ಕೂ ತುಂಡುಗಳನ್ನು, ಗೂಟವನ್ನು, ಕರೀಮಚಾಚಾನ ಪೆಟ್ಟಿಗೆಯನ್ನು ಲಾಯದಲ್ಲಿಟ್ಟು ಬೀಗ ಜಡಿದಿದ್ದೇನೆ. ಬೀಗದ ಕೈ ಸೊಂಟದಲ್ಲಿದೆ. ನಮ್ಮ ವಾಡೆಯ ಒಂದು ಚಕ್ಕೆಯನ್ನೂ ಯಾರೂ ಮುಟ್ಟುವಂತಿಲ್ಲ.

ಮಾರ್ಚ್ 19, ಬುಧವಾರ

ಎಲ್ಲಿಂದ ಶುರು ಮಾಡಲಿ.

ಕದ ಎತ್ತಲು ಇಪ್ಪತ್ತು ಜನ ಬೇಕು ಎಂದಿದ್ದರು ಕರೀಮಚಾಚಾ. ಮಲ್ಲುವಿಗೆ ಹೇಳಿದ್ದೆ, ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡಿದ್ದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲ ಮುಂದೆ ನಿಲ್ಲಲು ಜಾಗವಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಅಜ್ಜನೋ ಅಜ್ಜಿಯೋ ಆ ದಿಡ್ಡಿಯಲ್ಲಿ ಬಗ್ಗಿದವರಂತೆ. ಮಲ್ಲು ಹೇಳಿದ: "ನಮ್ಮ ಮುತ್ಯಾ ತಲಿ ರುಂಬಾಲ ಕೈಯಾಗ ಹಿಡಕೊಂಡು ಒಳಗ ಹೋಗ್ತಿದ್ನಂತ, ಬಗ್ಗಿದ್ರ ಬೀಳ್ತೈತಿ ಅಂತ." ಇಷ್ಟು ದಿನ ವಾಡೆಯ ಕಡೆ ಯಾರೂ ಯಾಕೆ ತಿರುಗಿ ನೋಡುತ್ತಿರಲಿಲ್ಲ ಎಂದು ಈಗ ತಿಳಿಯಿತು.

ಹಗ್ಗ ಬಿಗಿದರು, ಹಾರೆ ಕೊಟ್ಟರು, ಮಲ್ಲುವಿನ ಟ್ರ್ಯಾಕ್ಟರಿನ ಜಾಕು ಕೊಟ್ಟರು. ಕರೀಮಚಾಚಾ ಹನಿ ನೀರಿಲ್ಲದೆ ಬಿಸಿಲಲ್ಲಿ ನಿಂತು ಕದದ ಮೇಲೆ ಒಂದು ಕೈ ಇಟ್ಟುಕೊಂಡಿದ್ದರು, ಕಣ್ಣು ಮುಚ್ಚಿ. "ಇನ್ನ ಒಂದು ಬೆರಳು. ಇನ್ನ ಅರ್ಧ. ತಡೀರಿ." ಕೂಗಲಿಲ್ಲ, ದನಿ ಏರಿಸಲಿಲ್ಲ. ಐವತ್ತು ಜನ ಆ ಮೆಲುದನಿಗೆ ಎಳೆದರು, ನಿಂತರು. ನಾನು, ಕರಿಯವ್ವನ ಮಂಗರವಳ್ಳಿಗೆ ಈಗೀಗ ಮಡಚತೊಡಗಿದ ಮೊಣಕಾಲನ್ನೂ ಊರಿ ನೆಲಕ್ಕೆ ಕೂತು, ಕಲ್ಲಿನ ಕುಣಿಯೊಳಗೆ ಕೈ ಹಾಕಿ, ಔಡಲೆಣ್ಣೆ ಸವರಿ, ದಿಂಡಿಗದ ಗೂಟ ನೇರ ಬರುತ್ತಿದೆಯೇ ಎಂದು ನೋಡುತ್ತಿದ್ದೆ. ಅದು ಕುಣಿಗೆ ಇಳಿದ ಸದ್ದು ಕೇಳಿದೆ. ದೊಡ್ಡ ಸದ್ದಲ್ಲ. ಯಾರೋ ಕೆಲಸ ಮುಗಿಸಿ ಕೂತ ಹಾಗಿತ್ತು.

ಹಗ್ಗ ಬಿಚ್ಚಿದ ಮೇಲೆ ಕರೀಮಚಾಚಾ ಎಲ್ಲರನ್ನೂ ದೂರ ಸರಿಸಿ ತಬಸ್ಸುಮಳನ್ನು ಕರೆದರು. "ನೂಕು ಬೇಟಿ." ಅವಳು ಬೊಬ್ಬೆ ಮಾಗದ ಕೈಯಿಂದಲೇ ನೂಕಿದಳು. ಆ ಆನೆಯಂಥ ಕದ ಅವಳೊಬ್ಬಳ ಕೈಗೆ ಹಿಂದೆ ಸರಿಯಿತು. ಇಷ್ಟು ದೊಡ್ಡ ಕಸಬುದಾರನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಅವರ ಕೈ ಹಿಡಿದು ಹಣೆಗೆ ಒತ್ತಿಕೊಂಡೆ. ಅವರಿಗೆ ಸಂಕೋಚವಾಯಿತು, ನನಗಾಗಲಿಲ್ಲ.

ಕರಿಯವ್ವ ಬಂದಿರಲಿಲ್ಲ. ಹೇಳಿ ಕಳಿಸಿದ್ದಳು, "ಉದ್ಘಾಟನಾಕ್ಕ ಬರ್ತೀನಿ, ಹೊರಿ ಹೊತ್ತು" ಎಂದು.

ಮಾರ್ಚ್ 21, ಶುಕ್ರವಾರ

ಸಾಹೇಬರು ಒಂಬತ್ತಕ್ಕೇ ಬಂದು ಲಾಯ ಹೊಕ್ಕರು. ನಡುವಿನ ಕಟ್ಟೆ ಖಾಲಿ. "ನನ್ನ ಒಂದನೇ ನಂಬರೆಲ್ಲಿ?" ಎಂದರು. ಪತ್ರ ಓದಿದ್ದರು, ಆದರೂ ಕೇಳಿದರು. ಕರೆದುಕೊಂಡು ಹೋಗಿ ಬಾಗಿಲ ಬುಡ ತೋರಿಸಿದೆ. ಅಲ್ಲಿ ಕಲ್ಲಿಗೆ ಒಂದು ಸಣ್ಣ ಫಲಕ ಹಚ್ಚಿದ್ದೇನೆ, ತಬಸ್ಸುಮಳ ಅಕ್ಷರ: ದಿಂಡಿಗ, ಕಪ್ಪತಗುಡ್ಡ, ಗಾಳಿಗೆ ಬಿದ್ದದ್ದು, ಈಗ ಬಾಗಿಲು ಹೊತ್ತಿದೆ. ಸಾಹೇಬರು ಕುಕ್ಕರಗಾಲಲ್ಲಿ ಕೂತು ಓದಿದರು. ಎದ್ದು ಕದವನ್ನು ಒಂದು ಬೆರಳಿನಿಂದ ನೂಕಿ ನೋಡಿದರು. "ಉಳಿದ ಇಪ್ಪತ್ತನಾಲ್ಕು ನೋಡೂವು. ಇದು ದುಡಿಯೂದು" ಎಂದರು. ಈ ಹುಡುಗನನ್ನು ನಾನು ಕಡಿಮೆ ಎಣಿಸಿದ್ದೆ.

ಹತ್ತೂವರೆಗೆ ಬೀದಿಯಲ್ಲಿ ಕರಿಯವ್ವ ಕಾಣಿಸಿದಳು. ತಲೆಯ ಮೇಲೆ ಮೊದಲಿನದಕ್ಕಿಂತ ದೊಡ್ಡ ಹೊರೆ, ಸೊಪ್ಪು ನಾರು ಎರಡೂ ಕಡೆ ಇಳಿಬಿದ್ದಿತ್ತು. ಹಿಂದೆ ಹನ್ನೊಂದು ಜನ, ಅವರ ಹಿಂದೆ ಇಡೀ ಊರು. ಟೇಪು ಕತ್ತರಿಸಲು ಕತ್ತರಿ ಹಿಡಿದು ನಿಂತ ಸಾಹೇಬರು ತಾವೇ ಟೇಪು ಬಿಚ್ಚಿ ಪಕ್ಕಕ್ಕೆ ಸರಿದರು.

ಅವಳು ಹೊಸ್ತಿಲ ಮುಂದೆ ನಿಂತಳು. ಎರಡೂ ಕದ ತೆರೆದಿದ್ದವು. ಮೇಲೆ ನೋಡಿದಳು, ಹೊರೆಗೂ ಬಾಗಿಲ ನೆತ್ತಿಗೂ ನಡುವೆ ಇನ್ನೊಬ್ಬಳು ನಿಲ್ಲುವಷ್ಟು ಜಾಗ. ನಡೆದಳು. ಕತ್ತು ಕೊಂಕಲಿಲ್ಲ, ಸೆರಗು ಸಹ ಸರಿಯಲಿಲ್ಲ. ನೇರ ಹೋಗಿ ದೇಸಾಯರ ಕಟ್ಟೆಯ ಮೇಲೆ ಹೊರೆ ಇಳಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನೋಡುತ್ತ ನಿಂತಿದ್ದರು.

ಆಮೇಲೆ ಅವಳು ಆ ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡಳು. ಸಿಟ್ಟಾದಳೇನೋ ಎಂದುಕೊಂಡೆ. ಹೊರಗೆ ಹೋದಳು, ತಿರುಗಿದಳು, ಎರಡನೇ ಸಲ ಅದೇ ನಡಿಗೆಯಲ್ಲಿ ಒಳಗೆ ಬಂದಳು.

"ಇದ್ಯಾಕ ಎರಡ ಸಲ?" ಎಂದೆ, ಹೊರೆಗೆ ಕೈ ಕೊಡುತ್ತ.

"ಮೊದಲಿಂದು ನಂದು. ಇದು ನಮ್ಮವ್ವಂದು" ಎಂದಳು.

ಮತ್ತೇನು ಬರೆಯಲಿ.

ಹನ್ನೆರಡಕ್ಕೆ ಕರೀಮಚಾಚಾ ಜುಮ್ಮಾ ನಮಾಜಿಗೆ ಹೊರಟರು. ಹತ್ಯಾರದ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡೇ ಬಾಗಿಲು ದಾಟಿದರು. ಅದನ್ನು ಒಯ್ಯುವ ಅಗತ್ಯ ಇರಲಿಲ್ಲ, ನಾಳೆಯೂ ಇಲ್ಲಿ ಕೆಲಸವಿದೆ. ದಾಟುವ ಮುಂಚೆ ಕೇಳಿದರು, "ದಿಡ್ಡಿ ಏನು ಮಾಡೂಣು? ಹಲಗಿ ಬಡದು ಮುಚ್ಚಲೇನು?"

ಕರಿಯವ್ವ ಒಳಗಿಂದಲೇ ಹೇಳಿದಳು: "ಇರ್ಲಿ ಬಿಡ್ರಿ. ಆಡು ಬಂದು ಹೋಗಾಕ ಬೇಕಲ್ಲ."

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಹುಡೇವಿನ ಮೇಲಿದ್ದೆ, ಅಲ್ಲಿ ಪಕ್ಷಿ ನೋಡುವ ಮಕ್ಕಳಿಗೆ ಎಷ್ಟು ಬೆಂಚು ಹಿಡಿಯುತ್ತವೆ ಎಂದು ಅಳೆಯಲು. ಗದಗಿನಿಂದ ಫೋನು. ಹತ್ತೊಂಬತ್ತಕ್ಕೆ ಮೆಡಿಕಲ್ ಬೋರ್ಡಿಗೆ ಯಾಕೆ ಬರಲಿಲ್ಲ ಎಂದು ಕೇಳಿದರು. ಅಯ್ಯೋ, ಪೂರ್ತಿ ಮರೆತಿದ್ದೆ. "ಬಾಗಲಾ ಕುಂಡ್ರಸೂದಿತ್ರಿ" ಎಂದೆ. ಮುಂದಿನ ಬೋರ್ಡು ಜೂನಿನಲ್ಲಂತೆ. "ಜೂನದಾಗ ಸಸಿ ಹಚ್ಚೂ ಗದ್ದಲ ಇರ್ತೈತ್ರಿ, ಇನ್ನೀಟ ಮುಂದ ಹಾಕ್ರಿ" ಎನ್ನುತ್ತಿದ್ದೆ.

ಅಷ್ಟರಲ್ಲಿ ಕೆಳಗೆ ಬೀದಿಯ ತಿರುವಿನಲ್ಲಿ ಕರಿಯವ್ವ ಕಂಡಳು, ತಲೆಯ ಮೇಲೆ ಹೊರೆ. ಬಾಗಿಲು ಇನ್ನೂ ಹಾಕಿತ್ತು. ಆಮೇಲೆ ಮಾತಾಡುತ್ತೇನೆಂದು ಫೋನು ಇಟ್ಟು, ಎರಡೆರಡು ಮೆಟ್ಟಿಲು ಒಮ್ಮೆಲೇ ಇಳಿದು ಓಡಿದೆ. ಅವಳು ಬರುವಷ್ಟರಲ್ಲಿ ಎರಡೂ ಕದ ತೆರೆದೆ.